ಕ್ಯಾಪಿನ ಅಂಚು

ನವೆಂಬರ್ ಕಳೆಯುತ್ತಲೇ ಲಂಡನ್, ನ್ಯೂಜೆರ್ಸಿ, ನೈರೋಬಿಗಳಿಂದ ಗುಜರಾತಿಗಳು ತವರಿಗೆ ಬಂದಿಳಿಯುತ್ತಾರೆ. ಮದುವೆ ಮುಂಜಿ ಇರುತ್ತದೆ, ಜನವರಿ 14ರ ಉತ್ತರಾಯಣದ ಗಾಳಿಪಟ ಇರುತ್ತದೆ, ಜಮೀನಿನ ಕಾಗದಪತ್ರ ಇರುತ್ತದೆ. ಇವೆಲ್ಲದರ ನಡುವೆ ಹಲ್ಲಿನ ಕೆಲಸವೂ ಒಂದು. ಅಹಮದಾಬಾದಿನ ಸಿ.ಜಿ. ರೋಡ್, ವಡೋದರದ ಅಲ್ಕಾಪುರಿ, ಸೂರತ್ತಿನ ಅಡಾಜಣದ ಕಡೆಯ ದಂತ ದವಾಖಾನೆಗಳಿಗೆ ಅದು ಸುಗ್ಗಿಯ ಕಾಲ. ಲೆಕ್ಕ ಸರಳ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕ್ಯಾಪು ಹಾಕಿಸುವ ದರ್ಜೆಯ ಚಿಕಿತ್ಸೆಗೆ 2025ರ ಏಪ್ರಿಲ್‌ನಲ್ಲಿ ನಿಗದಿಯಾದ ಶುಲ್ಕ 326 ಪೌಂಡ್ 70 ಪೆನ್ಸ್. ಆ ದರಕ್ಕೆ ಹೊಸ ರೋಗಿಯನ್ನು ಸೇರಿಸಿಕೊಳ್ಳುವ ವೈದ್ಯರನ್ನು ಹುಡುಕುವುದೇ ಅಲ್ಲಿ ದೊಡ್ಡ ಪಾಡು. ಖಾಸಗಿಗೆ ಹೋದರೆ ಇನ್ನೂ ಹೆಚ್ಚು. ಅಮೆರಿಕದಲ್ಲಿ ಒಂದು ಕ್ಯಾಪು ಸಾವಿರ ಡಾಲರ್ ದಾಟುವುದು ಮಾಮೂಲು. ಇಲ್ಲಿ ಲೋಹದ ಮೇಲೆ ಪೋರ್ಸಲಿನ್ ಕೂರಿಸಿದ್ದು ಮೂರು-ನಾಲ್ಕು ಸಾವಿರ ರೂಪಾಯಿಗೂ ಸಿಗುತ್ತದೆ, ಜಿರ್ಕೋನಿಯಾದ್ದು ಹತ್ತು-ಹದಿನೈದು ಸಾವಿರದ ಆಸುಪಾಸು. ನಾಲ್ಕು ಹಲ್ಲಿನ ಕೆಲಸವಿದ್ದರೆ ವಿಮಾನದ ಟಿಕೆಟ್ಟು ಗಿಟ್ಟಿಬಿಡುತ್ತದೆ.

ಈ ಊರುಗಳಲ್ಲಿ ನಮ್ಮವರೂ ಇದ್ದಾರೆ. ಹೋಟೆಲು ನಡೆಸುವ ಕರಾವಳಿಯವರು, ಇಸ್ರೋದ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಎಂಜಿನಿಯರುಗಳು, ಕೋಯಲಿ ತೈಲ ಸಂಸ್ಕರಣಾಗಾರದವರು, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಅಲ್ಲೇ ನಿಂತವರು. ಕುರ್ಚಿಯಲ್ಲಿ ಒರಗಿದವರು ಪರದೇಶದ ಪಟೇಲರಾಗಲಿ, ಕುಂದಾಪುರದ ಶೆಟ್ಟರಾಗಲಿ, ಕೇಳುವುದು ಅದೇ ಮೂರು ಪ್ರಶ್ನೆ: ಯಾವ ಮಾಲು, ಎಷ್ಟು ದುಡ್ಡು, ಎಷ್ಟು ವರ್ಷದ ವಾರಂಟಿ. ಜಿರ್ಕೋನಿಯಾ ಕ್ಯಾಪಿನ ಜೊತೆ ಈಗ ಕಾರ್ಡು ಬರುತ್ತದೆ, ಹತ್ತು ವರ್ಷ, ಹದಿನೈದು ವರ್ಷ ಎಂದು ಅಚ್ಚು ಹಾಕಿರುತ್ತದೆ. ಆ ಕಾರ್ಡನ್ನು ಜನ ಜೋಪಾನವಾಗಿ ಪರ್ಸಿನಲ್ಲಿಡುತ್ತಾರೆ. ಆದರೆ ಕಾರ್ಡು ಹೊಣೆ ಹೊರುವುದು ಮೇಲಿನ ಚಿಪ್ಪಿಗೆ. ಕೆಳಗಿನ ಹಲ್ಲು ಹುಳುಕಾದರೆ, ವಸಡು ಇಳಿದರೆ, ಬೇರು ಸೀಳಿದರೆ ಅದರ ಪಾಡಿಗೆ ಅದು. ಕ್ಯಾಪಿನ ಆಯುಸ್ಸು ತೀರ್ಮಾನವಾಗುವುದು ಬಹುಪಾಲು ಎರಡು ಕಡೆ: ಒಳಗೆ ಎಷ್ಟು ಗಟ್ಟಿ ಹಲ್ಲು ಉಳಿದಿದೆ ಎನ್ನುವುದರಲ್ಲಿ, ಮತ್ತು ಕ್ಯಾಪೂ ಹಲ್ಲೂ ಸೇರುವ ಆ ಕೂದಲೆಳೆಯ ಅಂಚಿನಲ್ಲಿ. ಅದನ್ನು ಕೇಳುವವರು ಕಡಿಮೆ.

ಮೊದಲು, ಬೇಕೇ ಬೇಡವೇ? ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಬಹುಮಟ್ಟಿಗೆ ಬೇಕು. ಹುಳುಕಿಗೂ ನಾಳ ತೆರೆಯುವುದಕ್ಕೂ ಅಷ್ಟಿಷ್ಟು ಹಲ್ಲು ಹೋಗಿರುತ್ತದೆ, ಉಳಿದ ಗೋಡೆಗಳು ಅಗಿಯುವ ಭಾರಕ್ಕೆ ಸೀಳುತ್ತವೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೂಟ್ ಕೆನಾಲ್ ಆಗಿಯೂ ಕ್ಯಾಪು ಹಾಕಿಸದ ಹಲ್ಲುಗಳು ಹಾಕಿಸಿದವುಗಳಿಗಿಂತ ಆರು ಪಟ್ಟು ವೇಗದಲ್ಲಿ ಬಿದ್ದುಹೋಗಿದ್ದವು. ನೋವು ನಿಂತಿತಲ್ಲ, ಕ್ಯಾಪು ಮುಂದಿನ ದೀಪಾವಳಿಗೆ ನೋಡೋಣ ಎಂದು ಎದ್ದು ಹೋಗುವವರು ಅಹಮದಾಬಾದಿನಲ್ಲೂ ಇದ್ದಾರೆ, ಹುಬ್ಬಳ್ಳಿಯಲ್ಲೂ ಇದ್ದಾರೆ. ಅವರಲ್ಲಿ ಕೆಲವರು ಮರಳಿ ಬರುವುದು ಎರಡು ಹೋಳಾದ ಹಲ್ಲು ಹೊತ್ತುಕೊಂಡು.

ಆದರೆ ಇದೇ ಮಾತನ್ನು ಮುಂದಿನ ಆರೋಗ್ಯವಂತ ಹಲ್ಲಿಗೆ ಅನ್ವಯಿಸುವಂತಿಲ್ಲ. ಪೂರ್ತಿ ಕ್ಯಾಪು ಕೂರಿಸಲು ಹಲ್ಲಿನ ಮೇಲಿಂದ ಒಂದೂವರೆ-ಎರಡು ಮಿಲಿಮೀಟರು, ಸುತ್ತ ಒಂದರಿಂದ ಒಂದೂವರೆ ಮಿಲಿಮೀಟರು ತೇಯಬೇಕು. ಕೇಳಲು ಅಲ್ಪ. ಆದರೆ 2002ರಲ್ಲೇ ಎಡೆಲ್‌ಹಾಫ್ ಮತ್ತು ಸೊರೆನ್‌ಸನ್ ಎಂಬಿಬ್ಬರು ತೂಗಿ ನೋಡಿದಾಗ ವಸಡಿನ ಮೇಲೆ ಕಾಣುವ ಹಲ್ಲಿನ ಶೇಕಡಾ 63ರಿಂದ 72 ಭಾಗ ಪುಡಿಯಾಗಿ ಹೋಗುತ್ತಿತ್ತು. ಮಗಳ ಮದುವೆಯ ಫೋಟೊಕ್ಕೆಂದು ಎಂಟು ಗಟ್ಟಿ ಹಲ್ಲುಗಳನ್ನು ಹೀಗೆ ತೇಯಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ದುಬಾರಿ ವ್ಯವಹಾರ, ಬೆಲೆ ಎಷ್ಟೇ ಅಗ್ಗವಾಗಿರಲಿ. ಜೀವವಿದ್ದ ಹಲ್ಲನ್ನು ತೇಯ್ದಾಗ ಒಂದಷ್ಟರಲ್ಲಿ ವರ್ಷಗಳ ನಂತರ ಒಳಗಿನ ನರ ಸತ್ತು, ಅದೇ ಕ್ಯಾಪಿನಲ್ಲಿ ತೂತು ಕೊರೆದು ರೂಟ್ ಕೆನಾಲ್ ಮಾಡಬೇಕಾಗುತ್ತದೆ. ಬಣ್ಣದ್ದೇ ತೊಂದರೆಯಾದರೆ ಬ್ಲೀಚಿಂಗ್ ಇದೆ, ಅರ್ಧ ಮಿಲಿಮೀಟರು ತೇಯ್ದು ಅಂಟಿಸುವ ವಿನಿಯರ್ ಇದೆ, ಮೂಲೆ ಮುರಿದಿದ್ದರೆ ಆ ಭಾಗಕ್ಕಷ್ಟೇ ಕೂರುವ ಆನ್‌ಲೇ ಇದೆ. ಹೆಚ್ಚು ಹೊತ್ತು, ಹೆಚ್ಚು ಕೈಚಳಕ ಬೇಡುವ ಕೆಲಸಗಳಾದ್ದರಿಂದ ಅವುಗಳ ಪ್ರಸ್ತಾಪ ತಾನಾಗಿ ಬರುವುದು ಅಪರೂಪ. ರೋಗಿಯೇ ಕೇಳಬೇಕು.

ಬಿಳಿಯ ಹಲ್ಲಿನ ಆಸೆ ಗುಜರಾತಿನಲ್ಲಿ ಬರಿಯ ಶೋಕಿಯೂ ಅಲ್ಲ. ಉತ್ತರದ ಮೆಹಸಾಣಾ, ಪಾಟಣ, ಬನಾಸಕಾಂಠಾ ಜಿಲ್ಲೆಗಳ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡು ಹೆಚ್ಚು. ಕುಡಿಯುವ ನೀರಿಗೆ ನಮ್ಮಲ್ಲಿ ಹಾಕಿದ ಗೆರೆ ಲೀಟರಿಗೆ ಒಂದು ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದು ಪಟ್ಟೆ ಬಿದ್ದು, ಕೆಲವೊಮ್ಮೆ ಗುಳಿ ಬಿದ್ದು ಹುಟ್ಟುತ್ತದೆ. ಕೋಲಾರ, ಪಾವಗಡದ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ನರ್ಮದೆಯ ಕಾಲುವೆ ನೀರು ಬಂದಮೇಲೆ ಹುಟ್ಟಿದವರ ಪಾಡು ಬೇರೆ, ಆದರೆ ನಲವತ್ತು ದಾಟಿದವರ ಬಾಯಲ್ಲಿ ಹಳೆಯ ನೀರಿನ ಗುರುತು ಉಳಿದಿದೆ. ಬಾಯಿ ಮುಚ್ಚಿಕೊಂಡೇ ನಕ್ಕು ಬೆಳೆದವರಿಗೆ ಇಂತಲ್ಲಿ ಕ್ಯಾಪಾಗಲಿ ವಿನಿಯರಾಗಲಿ ಬೇಕೆನಿಸಿದರೆ ತಪ್ಪೇನು? ಫ್ಲೋರೈಡು ಕಲೆಯ ಎನಾಮೆಲ್ಲಿಗೆ ಅಂಟು ಅಷ್ಟು ಚೆನ್ನಾಗಿ ಹಿಡಿಯದು ಎನ್ನುವುದನ್ನು ವೈದ್ಯರು ನೆನಪಿಟ್ಟಿರಬೇಕು, ಅಷ್ಟೆ.

ಇನ್ನು ಮಾಲಿನ ಮಾತು. 1774ರಲ್ಲಿ ಪ್ಯಾರಿಸಿನ ಔಷಧ ವ್ಯಾಪಾರಿ ಅಲೆಕ್ಸಿಸ್ ದುಶಾತೋ ತನ್ನ ದಂತದ ಹಲ್ಲುಸೆಟ್ಟು ನಾರುತ್ತದೆಂದು ಪೋರ್ಸಲಿನ್ನಿನಲ್ಲಿ ಒಂದನ್ನು ಮಾಡಿಸಿಕೊಂಡ. ಬೆಂಕಿಯಲ್ಲಿ ಪೋರ್ಸಲಿನ್ ಕುಗ್ಗುತ್ತದಾದ್ದರಿಂದ ಅಳತೆ ಕೂರಿಸಲು ಹೆಣಗಬೇಕಾಯಿತು. ಒಂಟಿ ಹಲ್ಲಿನ ಮೇಲೆ ತೊಡಿಸುವ ಪೋರ್ಸಲಿನ್ ಕವಚವನ್ನು ರೂಢಿಗೆ ತಂದವನು ಡೆಟ್ರಾಯಿಟ್‌ನ ಚಾರ್ಲ್ಸ್ ಹೆನ್ರಿ ಲ್ಯಾಂಡ್, 1880ರ ದಶಕದ ಕೊನೆಯಲ್ಲಿ. 1927ರಲ್ಲಿ ಒಬ್ಬನೇ ಅಟ್ಲಾಂಟಿಕ್ ದಾಟಿ ಹಾರಿದ ಲಿಂಡ್‌ಬರ್ಗ್ ಈತನ ಮಗಳ ಮಗ. ಲ್ಯಾಂಡನ ಕವಚ ನೋಡಲು ಚೆಂದ, ಕಚ್ಚಿದರೆ ಬಿರುಕು. 1962ರಲ್ಲಿ ವೈನ್‌ಸ್ಟೈನ್ ಮತ್ತು ಸಂಗಡಿಗರು ಲೋಹದಷ್ಟೇ ಹಿಗ್ಗಿ ಕುಗ್ಗುವ ಪೋರ್ಸಲಿನ್ನಿಗೆ ಪೇಟೆಂಟ್ ಪಡೆದಮೇಲೆ ಎರಡನ್ನೂ ಬೆಸೆಯುವುದು ಸಾಧ್ಯವಾಯಿತು. ಈಗಲೂ ದವಾಖಾನೆಗಳಲ್ಲಿ ‘ಪಿಎಫ್‌ಎಂ’ ಎನ್ನುವುದು ಇದನ್ನೇ. ಅರವತ್ತು ವರ್ಷ ಬಾಳಿ ತೋರಿಸಿದ ಮಾಲು. ಅದರ ಐಬೂ ಗೊತ್ತಿರುವಂಥದ್ದೇ. ವಸಡು ಇಳಿದಾಗ ಲೋಹದ ಅಂಚು ಕಪ್ಪು ಗೆರೆಯಾಗಿ ಇಣುಕುತ್ತದೆ, ಪೋರ್ಸಲಿನ್ ಆಗೊಮ್ಮೆ ಈಗೊಮ್ಮೆ ಚಕ್ಕೆ ಏಳುತ್ತದೆ, ಅಗ್ಗದ ಲೋಹದಲ್ಲಿ ನಿಕಲ್ ಇರುವುದರಿಂದ ನಕಲಿ ಒಡವೆ ತೊಟ್ಟರೆ ಮೈ ಕೆರೆಯುವವರು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಜೈನರು ಹೆಚ್ಚಿರುವ ಅಹಮದಾಬಾದಿನಲ್ಲಿ ಇನ್ನೊಂದು ಶಂಕೆ ಏಳುವುದು ಸಹಜ: ಪೋರ್ಸಲಿನ್ ಎಂದರೆ ಬೋನ್ ಚೈನಾದಂತೆ ಮೂಳೆಯ ಬೂದಿ ಸೇರಿದ್ದೇ? ಇಲ್ಲ. ಹಲ್ಲಿನ ಪೋರ್ಸಲಿನ್ನಿನಲ್ಲಿರುವುದು ಮುಖ್ಯವಾಗಿ ಫೆಲ್ಡ್‌ಸ್ಪಾರ್ ಮತ್ತು ಕ್ವಾರ್ಟ್ಜ್. ಮೋರ್ಬಿಯ ಟೈಲ್ಸಿಗೆ, ಥಾನಗಢದ ಪಿಂಗಾಣಿಗೆ ಬೀಳುವ ಜೇಡಿಮಣ್ಣು ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೆಳಕು ಒಳಗೆ ಇಳಿದು ಹೊಮ್ಮಬೇಕಾದರೆ ಹಾಗೆಯೇ ಇರಬೇಕು.

ಸೂರತ್ತಿಗೆ ಬಂದರೆ ಮಾಲಿನ ಕಥೆಗೆ ಬೇರೆಯದೇ ಬಣ್ಣ. ವಜ್ರ ಉಜ್ಜುವ ಈ ಊರಿನಲ್ಲಿ ‘ಅಮೆರಿಕನ್ ಡೈಮಂಡ್’ ಎಂದು ಮಾರುವ ಹರಳು ಕ್ಯೂಬಿಕ್ ಜಿರ್ಕೋನಿಯಾ. ದವಡೆಗೆ ಹಾಕುವ ಜಿರ್ಕೋನಿಯಾ ಕ್ಯಾಪೂ ಅದೇ ಜಿರ್ಕೋನಿಯಂ ಆಕ್ಸೈಡು; ಬೆರೆಸುವ ಇಟ್ರಿಯಾ ಎಂಬ ಇನ್ನೊಂದು ಆಕ್ಸೈಡಿನ ಪ್ರಮಾಣ ಬೇರೆ. ಇಟ್ರಿಯಾ ಕಡಿಮೆ, ಅಂದರೆ ನೂರಕ್ಕೆ ಮೂರರಷ್ಟಿದ್ದರೆ ಒಳಗಿನ ಹರಳುಗಳು ಒಂದು ಬಗೆಯ ಬಿಗುವಿನಲ್ಲಿರುತ್ತವೆ. ಬಿರುಕೊಂದು ಓಡಿಬಂದರೆ ಅದರ ತುದಿಯಲ್ಲಿನ ಹರಳುಗಳು ರೂಪ ಬದಲಿಸಿ ತುಸು ಉಬ್ಬಿ, ಬಿರುಕನ್ನು ಅಲ್ಲೇ ಅದುಮಿ ನಿಲ್ಲಿಸುತ್ತವೆ. ಬಾಗಿಸಿ ಮುರಿಯುವ ಪರೀಕ್ಷೆಯಲ್ಲಿ ಹಳೆಯ ಪೋರ್ಸಲಿನ್ ನೂರು ಮೆಗಾಪ್ಯಾಸ್ಕಲ್‌ಗಿಂತ ಮುಂಚೆಯೇ ಮುರಿದರೆ ಈ ಜಿರ್ಕೋನಿಯಾ ಸಾವಿರದ ಸುತ್ತಮುತ್ತ ತಡೆಯುತ್ತದೆ. ಇಟ್ರಿಯಾವನ್ನು ಐದಕ್ಕೆ ಏರಿಸಿದರೆ ಹರಳಿನತ್ತ ಸರಿದಂತೆ ಹೊಳಪೂ ಪಾರದರ್ಶಕತೆಯೂ ಹೆಚ್ಚುತ್ತವೆ, ಗಟ್ಟಿತನ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಬರಿಯ ‘ಜಿರ್ಕೋನಿಯಾ’ ಎಂದು ಬಿಲ್ಲಿನಲ್ಲಿ ಬರೆದರೆ ಏನೂ ಹೇಳಿದಂತಾಗಲಿಲ್ಲ. ದವಡೆಗೆ ಯಾವುದು, ಮುಂದಿನ ಹಲ್ಲಿಗೆ ಯಾವುದು ಎಂದು ಕೇಳಿ ಬರೆಸಿಕೊಳ್ಳಬೇಕು. ಮುಂದಿನ ಹಲ್ಲಿಗೆ ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನ ಜಾತಿಯ ಇನ್ನೊಂದು ಮಾಲಿದೆ, ಇ-ಮ್ಯಾಕ್ಸ್ ಎಂದರೆ ಎಲ್ಲರಿಗೂ ಗೊತ್ತು. ಅಂದದಲ್ಲಿ ಅದನ್ನು ಮೀರಿಸುವುದು ಕಷ್ಟ.

ಮಾಲುಗಳ ನಡುವಿನ ಈ ಪೈಪೋಟಿ ಬಾಯೊಳಗೆ ಅಷ್ಟಾಗಿ ಕಾಣುವುದಿಲ್ಲ. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರ ಪ್ರಕಾರ ಲೋಹದ್ದಾಗಲಿ, ಹೊಸ ಸೆರಾಮಿಕ್‌ಗಳದ್ದಾಗಲಿ, ಐದು ವರ್ಷದ ನಂತರ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕ್ಯಾಪುಗಳು ಬಾಯಲ್ಲೇ ಇರುತ್ತವೆ. ಹೋದವು ಯಾಕೆ ಹೋದವು ಎಂದು ನೋಡಿದರೆ ಅಂಚಿನಡಿಯ ಹುಳುಕು, ಅಂಟು ಬಿಟ್ಟದ್ದು, ನರ ಸತ್ತದ್ದು, ಬೇರು ಸೀಳಿದ್ದು ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತವೆ.

ಅಂಚು ಹುಟ್ಟುವ ಗಳಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವಜ್ರದ ಕಣ ಮೆತ್ತಿದ ಬರ್ರಿನಿಂದ ಹಲ್ಲು ತೇಯ್ದ ಮೇಲೆ ವೈದ್ಯರು ವಸಡಿನ ಸಂದಿಗೆ ತೆಳ್ಳನೆಯ ಹತ್ತಿಯ ದಾರವೊಂದನ್ನು ಸುತ್ತಲೂ ಒತ್ತಿ ಸೇರಿಸುತ್ತಾರೆ. ಕೆಲವು ನಿಮಿಷ ಬಿಟ್ಟು ತೆಗೆದಾಗ ವಸಡು ಹಿಂದೆ ಸರಿದು ತೇಯ್ದ ಗೆರೆ ಬರಿಗಣ್ಣಿಗೆ ಕಾಣುತ್ತದೆ. ಆ ಕ್ಷಣದಲ್ಲಿ ಅಚ್ಚು ತೆಗೆಯಬೇಕು, ಸಿಲಿಕೋನಿನಿಂದಾಗಲಿ, ಸ್ಕ್ಯಾನರ್ ಕಡ್ಡಿಯಿಂದಾಗಲಿ. ರಕ್ತ ಒಸರಿದರೆ, ಎಂಜಲು ನುಗ್ಗಿದರೆ ಗೆರೆ ಮಸುಕು. ಮಸುಕಾದ ಗೆರೆಯನ್ನು ಲ್ಯಾಬಿನ ಹುಡುಗ ಊಹೆಯಿಂದ ತುಂಬುತ್ತಾನೆ. ಆ ಊಹೆಯೇ ಮುಂದೆ ಬಾಯಲ್ಲಿ ಕೂರುವುದು. ವಸಡು ಊದಿಕೊಂಡಿದ್ದರೆ ಮೊದಲು ಕ್ಲೀನಿಂಗ್ ಮಾಡಿಸಿ ಒಂದೆರಡು ವಾರ ಕಾಯಿರಿ ಎನ್ನುವ ವೈದ್ಯರು ಸತಾಯಿಸುತ್ತಿಲ್ಲ. ಬುಧವಾರ ಬಂದಿಳಿದು ಮುಂದಿನ ಮಂಗಳವಾರ ಮರಳುವ ಟಿಕೆಟ್ಟಿನವರಿಗೆ ಈ ಕಾಯುವಿಕೆಯೇ ಎಟುಕದು. ಪರದೇಶದವರ ಅಗ್ಗದ ಹಲ್ಲಿನಲ್ಲಿ ದುಬಾರಿಯಾಗುವ ಭಾಗ ಇದು. ಬಣ್ಣ ಆರಿಸುವುದಕ್ಕೂ ಅವಸರ ಒಗ್ಗದು. ಎ1ರಿಂದ ಡಿ4ರವರೆಗಿನ ಹದಿನಾರು ಬಣ್ಣದ ವೀಟಾ ಪಟ್ಟಿಯನ್ನು ಹಲ್ಲಿನ ಪಕ್ಕ ಹಿಡಿದು ನೋಡಬೇಕಾದದ್ದು ತೇಯುವುದಕ್ಕೆ ಮುಂಚೆ, ಹಗಲಿನ ಬೆಳಕಿನಲ್ಲಿ. ಬಾಯಿ ತೆರೆದು ಅರ್ಧ ಗಂಟೆ ಕೂತರೆ ಹಲ್ಲು ಒಣಗಿ ಇಲ್ಲದ ಬಿಳುಪು ತೋರುತ್ತದೆ.

ಲ್ಯಾಬಿನಲ್ಲಿ ಜಿರ್ಕೋನಿಯಾ ಮೊದಲು ಸೀಮೆಸುಣ್ಣದಷ್ಟು ಮೆದುವಾದ ಬಿಳಿಯ ಬಿಲ್ಲೆ. ಅದರಲ್ಲಿ ಕ್ಯಾಪನ್ನು ಬೇಕಾದ್ದಕ್ಕಿಂತ ಶೇಕಡಾ 20-25ರಷ್ಟು ದೊಡ್ಡದಾಗಿ ಯಂತ್ರ ಕಡೆಯುತ್ತದೆ. ಆಮೇಲೆ ಸುಮಾರು 1500 ಡಿಗ್ರಿಯ ಕುಲುಮೆಯಲ್ಲಿ ಗಂಟೆಗಟ್ಟಲೆ ಬೆಂದು ಅದು ಸರಿಯಾದ ಅಳತೆಗೆ ಕುಗ್ಗುತ್ತದೆ. ದುಶಾತೋನನ್ನು ಕಾಡಿದ ಕುಗ್ಗುವಿಕೆಯನ್ನು ಈಗ ಕಂಪ್ಯೂಟರು ಮೊದಲೇ ಲೆಕ್ಕ ಹಾಕಿಕೊಳ್ಳುತ್ತದೆ. ಈ ಕೆಲಸ ಮಾಡುವವರ ಎದೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಪೋರ್ಸಲಿನ್ ಉಜ್ಜುವ, ಮರಳು ಊದಿ ಲೋಹ ತಿಕ್ಕುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ದಂತ ಲ್ಯಾಬಿನ ತಂತ್ರಜ್ಞರಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಕಂಡದ್ದನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2004ರಲ್ಲಿ ವರದಿ ಮಾಡಿತ್ತು. ಗುಜರಾತಿಗೆ ಈ ರೋಗ ಹೊಸದಲ್ಲ. ಖಂಭಾತದ ಅಕೀಕ ಕಲ್ಲು ಉಜ್ಜುವವರ ಸಿಲಿಕೋಸಿಸ್ಸನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಹಿಂದೆಯೇ ಅಧ್ಯಯನ ಮಾಡಿದೆ. ಆ ಸಂಸ್ಥೆ ಇರುವ ಮೇಘಾಣಿನಗರಕ್ಕೂ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇರುವ ಅಸಾರ್ವಾಕ್ಕೂ ದೂರವೇನಿಲ್ಲ.

1963ರಲ್ಲಿ ಆರಂಭವಾದ ಆ ಸರ್ಕಾರಿ ಕಾಲೇಜು ಬಡವರ ಪಾಲಿನ ದಾರಿ. ಖೋಖರಾದಲ್ಲಿ ಮಹಾನಗರಪಾಲಿಕೆಯ ದಂತ ಕಾಲೇಜಿದೆ, ವಡೋದರದ ಬಳಿಯ ಪಿಪರಿಯಾದಲ್ಲಿ ಕೆ.ಎಂ. ಷಾ ದಂತ ಕಾಲೇಜು. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮಾಡುತ್ತಾರೆಂದು ಹಿಂಜರಿಯುವವರಿದ್ದಾರೆ. ಅಧ್ಯಾಪಕರು ಹಂತಹಂತಕ್ಕೂ ಬಂದು ನೋಡಿ ಸಹಿ ಹಾಕದೆ ಮುಂದಕ್ಕೆ ಹೋಗುವಂತಿಲ್ಲ ಎನ್ನುವುದು ಅಂಚಿನ ಮಟ್ಟಿಗೆ ಒಳ್ಳೆಯದೇ. ಹಲವು ಸಲ ಓಡಾಡುವ ಪುರುಸೊತ್ತು ಬೇಕು. ಆರೋಗ್ಯ ವಿಮೆಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಅಪಘಾತದಲ್ಲಿ ಹೋದ ಹಲ್ಲನ್ನು ಬಿಟ್ಟರೆ ಮಿಕ್ಕಿದ್ದಕ್ಕೆ ನಮ್ಮ ಬಹುತೇಕ ಪಾಲಿಸಿಗಳು ಕೈ ಎತ್ತುತ್ತವೆ.

ಹಾಕಿಸಿಕೊಂಡದ್ದನ್ನು ಉಳಿಸಿಕೊಳ್ಳುವ ವಿಷಯಕ್ಕೆ ಬಂದರೆ ಗುಜರಾತಿನ ಬಾಯಿಗೂ ಕರ್ನಾಟಕಕ್ಕೂ ನೇರ ನಂಟಿದೆ: ಅಡಿಕೆ. ದಕ್ಷಿಣ ಕನ್ನಡದ, ಕಾಸರಗೋಡಿನ ಚಾಲಿ ಅಡಿಕೆಗೆ ಗುಜರಾತ್ ದೊಡ್ಡ ಮಾರುಕಟ್ಟೆ. ಪುತ್ತೂರು, ಸುಳ್ಯದ ಅಂಗಳದಲ್ಲಿ ಒಂದೂವರೆ ತಿಂಗಳು ಬಿಸಿಲಿಗೆ ಒಣಗಿ ಕಲ್ಲಾದ ಅಡಿಕೆ ಸೌರಾಷ್ಟ್ರದ ಪಾನ್ ಗಲ್ಲಾದಲ್ಲಿ ಚೂರಾಗಿ, ಸುಣ್ಣ ತಂಬಾಕಿನ ಜೊತೆ ಪ್ಲಾಸ್ಟಿಕ್ ಹಾಳೆಯಲ್ಲಿ ತಿಕ್ಕಿಸಿಕೊಂಡು ‘ಮಾವಾ’ ಆಗುತ್ತದೆ. 2012ರಲ್ಲಿ ಗುಟ್ಕಾ ನಿಷೇಧವಾಯಿತು. ಗಿರಾಕಿಯ ಎದುರೇ ಬೆರೆಸಿಕೊಡುವ ಮಾವಾ ಆ ಬಲೆಗೆ ಸುಲಭಕ್ಕೆ ಬೀಳುವಂಥದ್ದಲ್ಲ. ದಿನಕ್ಕೆ ಹತ್ತು ಸಲ ಮಾವಾ ಜಗಿಯುವವನ ದವಡೆಯಲ್ಲಿ ಹಲ್ಲು ಸವೆದು, ಬಿರುಕು ಬಿಟ್ಟು, ಕ್ಯಾಪಿನ ಪೋರ್ಸಲಿನ್ ಚಕ್ಕೆ ಏಳುತ್ತದೆ. ಅದಕ್ಕಿಂತ ಕೆಟ್ಟದ್ದು, ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಿರಿದಾಗುತ್ತ ಹೋಗುವುದು. ಎರಡು ಬೆರಳಿನಷ್ಟೂ ತೆರೆಯದ ಬಾಯಲ್ಲಿ ಹಿಂದಿನ ದವಡೆಗೆ ಬರ್ರು ತಲುಪಿಸುವುದು ಹೇಗೆ? ಅಡಿಕೆ ಒಂದೇ ಆದರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ಸಂಪುಟದಲ್ಲಿ ಹೇಳಿದೆ. ನಮ್ಮ ತೋಟದವರಿಗೆ ಅದು ಕಹಿ ಮಾತು, ಅದರ ತಕರಾರು ಇನ್ನೂ ಮುಗಿದಿಲ್ಲ. ಆದರೆ ಮಾವಾ ಬಿಡದವನಿಗೆ ಜಿರ್ಕೋನಿಯಾ ಹಾಕಿದರೂ ಪಕ್ಕದ ಹಲ್ಲುಗಳೆಲ್ಲ ಕಂದಾಗಿ ಅದೊಂದೇ ಬಿಳಿಯಾಗಿ ಕೂತಿರುತ್ತದೆ, ಅಂಟಿನ ಗೆರೆ ಮಾತ್ರ ಕೆಂಪಡರುತ್ತದೆ. ಹೆಂಗಸರು ವಸಡಿಗೆ ಉಜ್ಜುವ ‘ಬಜರ್’ ಎಂಬ ನಸ್ಯದ ಚಟವೂ ಇಲ್ಲಿದೆ. ತಂಬಾಕು ವಸಡನ್ನು ಕೆಡಿಸಿ ಇಳಿಸುತ್ತದೆ. ಇಳಿದ ವಸಡಿನಡಿಯ ಬೇರು ಎನಾಮೆಲ್ಲಿಲ್ಲದ ಬರಿಮೈ, ಹುಳುಕು ಅಲ್ಲಿಂದಲೇ ಕ್ಯಾಪಿನಡಿಗೆ ನುಸುಳುತ್ತದೆ.

ದಿನದ ಆರೈಕೆಯಲ್ಲಿ ಗುಟ್ಟೇನಿಲ್ಲ. ಮೆತ್ತನೆಯ ಬ್ರಷ್ಷು, ಫ್ಲೋರೈಡಿನ ಪೇಸ್ಟು, ಎರಡು ಹೊತ್ತು. ಬ್ರಷ್ಷಿನ ತುದಿ ವಸಡಿನ ಗೆರೆಯ ಕಡೆ ವಾಲಿರಬೇಕು, ಯಾಕೆಂದರೆ ಪೋರ್ಸಲಿನ್ನಿಗೆ ಹುಳುಕು ಹಿಡಿಯದು, ಅದರ ಕೆಳಗಿನ ಹಲ್ಲಿಗೆ ಹಿಡಿಯುತ್ತದೆ. ಎರಡು ಹಲ್ಲಿನ ನಡುವೆ ಬ್ರಷ್ಷು ಹೋಗುವುದಿಲ್ಲ. ಅಲ್ಲಿಗೆ ಫ್ಲಾಸ್ ದಾರ ಇಲ್ಲವೇ ಸಂದಿನ ಪುಟ್ಟ ಬ್ರಷ್ಷು. ಇದ್ದಿಲು ಪುಡಿ, ಉಪ್ಪು ಪುಡಿ ಮೇಲಿನ ಹೊಳಪನ್ನು ಗೀರುತ್ತವೆ. ದವಾಖಾನೆಯಲ್ಲಿ ಫ್ಲೋರೈಡ್ ಜೆಲ್ ಹಚ್ಚುವುದಾದರೆ ಕ್ಯಾಪಿದೆ ಎಂದು ಹೇಳಬೇಕು, ಆಮ್ಲದ ಬಗೆಯ ಜೆಲ್ ಪೋರ್ಸಲಿನ್ನಿನ ಮೈ ಕೊರೆಯುತ್ತದೆ. ರಾತ್ರಿ ಹಲ್ಲು ಕಡಿಯುವವರು ನೈಟ್ ಗಾರ್ಡ್ ಮಾಡಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಕ್ಯಾಪು ಕೂರಿಸಿದ ದಿನ ಕಚ್ಚು ಎತ್ತರವಾಗಿದೆಯೆಂದು ತೇಯ್ದರೆ, ತೇಯ್ದ ಜಾಗಕ್ಕೆ ಮತ್ತೆ ಪಾಲಿಶ್ ಹಾಕಿದರೇ ಎಂದು ಕೇಳಲು ಮರೆಯಬಾರದು. ನುಣುಪಾದ ಜಿರ್ಕೋನಿಯಾ ಎದುರಿನ ಹಲ್ಲಿಗೆ ಕೇಡು ಮಾಡುವುದಿಲ್ಲ, ಒರಟಾಗಿ ಬಿಟ್ಟರೆ ಅದನ್ನು ಸವೆಸಿಬಿಡುತ್ತದೆ.

ಉತ್ತರಾಯಣದ ಮರುದಿನ ಕ್ಯಾಪು ಕೈಯಲ್ಲಿ ಹಿಡಿದು ಬರುವವರಿಗೆ ಕಾರಣ ಕೇಳಬೇಕಿಲ್ಲ, ಶೇಂಗಾ ಚಿಕ್ಕಿ. ಎಳ್ಳಿನದಾದರೂ ಅಷ್ಟೆ. ನಮ್ಮ ಸಂಕ್ರಾಂತಿಯ ಕಬ್ಬಿಗೂ ಇದೇ ಮಾತು. ಬಿದ್ದ ಕ್ಯಾಪನ್ನು ಕಾಗದದಲ್ಲಿ ಸುತ್ತಿ ಬಿಸಾಡಬಾರದು, ಫೆವಿಕ್ವಿಕ್‌ನಿಂದ ಅಂಟಿಸುವ ಸಾಹಸವಂತೂ ಬೇಡ; ಅದು ಓರೆಯಾಗಿ ಅಂಟಿದರೆ ಬಿಡಿಸುವಾಗ ಹಲ್ಲೇ ಹೋಗುತ್ತದೆ. ತೊಳೆದು ಡಬ್ಬಿಯಲ್ಲಿಟ್ಟು ಎರಡು-ಮೂರು ದಿನದೊಳಗೆ ವೈದ್ಯರ ಹತ್ತಿರ ಒಯ್ಯಬೇಕು, ಇಲ್ಲದಿದ್ದರೆ ಅಕ್ಕಪಕ್ಕದ ಹಲ್ಲುಗಳು ಸರಿದು ಅದೇ ಕ್ಯಾಪು ಕೂರುವುದಿಲ್ಲ. ಕುರ್ಚಿಗೆ ಹೋದಾಗ ಕ್ಯಾಪಿನ ಒಳಗನ್ನು ತಾವೂ ಒಮ್ಮೆ ನೋಡಿಕೊಳ್ಳಬಹುದು. ಬರಿಯ ಒಣ ಸಿಮೆಂಟಿದ್ದರೆ ಮತ್ತೆ ಅಂಟಿಸಿದರೆ ಸಾಕಾಗಬಹುದು. ಒಳಗೆ ಕಂದು ಮೆತ್ತಗಿನ ಹಲ್ಲಿನ ಚೂರೇ ಕಿತ್ತು ಬಂದಿದ್ದರೆ ಅಂಚಿನಡಿ ಹುಳುಕು ಎಂದೋ ಹೊಕ್ಕಿದೆ. ಆಗ ಎಕ್ಸ್‌ರೇ ತೆಗೆಸಿ, ವಸಡಿನ ಮೇಲೆ ಸುತ್ತಲೂ ಒಂದೂವರೆ-ಎರಡು ಮಿಲಿಮೀಟರು ಗಟ್ಟಿ ಹಲ್ಲು ಉಳಿದಿದೆಯೇ ಎಂದು ನೋಡಬೇಕು. ಉಳಿದಿದ್ದರೆ ಹೊಸ ಕ್ಯಾಪು. ಇಲ್ಲದಿದ್ದರೆ ಹಲ್ಲು ಕೀಳಿಸಿ ಇಂಪ್ಲಾಂಟಿನ ಮಾತು, ಅದರ ಖರ್ಚೂ ಲೆಕ್ಕವೂ ಬೇರೆ.